ಎರಡು ಲೋಟ ಚಾ

ಬಸ್ರಾದಾಚೆಯ ಮುಸಾಫಿರ್‌ಖಾನೆ, 1943

ಅಬ್ಬಾಜಾನ್‌ಗೆ ಸಲಾಮ್,

ತಪ್ಪು ನಂದಲ್ಲ ಅಬ್ಬಾ. ಮಿಲಿಟರಿ ಲಾರಿ ಓಡಿಸಾಕೆ ಬಂದ ಖಲಂದರಣ್ಣ ಜ್ವರದಲ್ಲಿ ಸತ್ತಿದ್ದು ಇದೇ ಕೋಣೇಲಿ. ಸತ್ತ ನಲವತ್ತನೇ ದಿನ ಫಾತಿಹಾ ಓದಿ, ಅವನ ಹೆಸರಲ್ಲಿ ಊಟದ ತಟ್ಟೆ ಇಟ್ಟು, ಉಂಡು ಹೊರಟು ಹೋಗ್ಲಿ ಅಂತ ಬಾಗಿಲು ಹಾಕ್ಕೊಂಡು ಹೊರಗೆ ಬರಬೇಕಿತ್ತು, ನಿಜ. ಆದ್ರೆ ಸುತ್ತ ಬರೀ ಮರಳು, ನಡುವೆ ಖರ್ಜೂರದ ತೋಟ ಇರೋ ಈ ಪೇಟೇಲಿ ಅವನನ್ನ ಒಂಟಿ ಬಿಡಾಕೆ ಮನಸ್ಸಾಗಲಿಲ್ಲ. ತಟ್ಟೆ ಪಕ್ಕದಲ್ಲೇ ಕೂತೆ.

ಅವತ್ತಿಂದ ಅಣ್ಣ ಹೋಗ್ತಿಲ್ಲ. ಖಾಲಿ ಮಂಚದ ಹಗ್ಗ ತಗ್ಗುತ್ತೆ. ಹೂಜಿ ನೀರು ನಾನು ಕುಡೀದಿದ್ರೂ ಕಮ್ಮಿ ಆಗುತ್ತೆ. ಮುಸಾಫಿರ್‌ಖಾನೆ ಮಾಲೀಕ ಎರಡು ಲೋಟ ಚಾ ತರ್ತಾನೆ. ನಾನೊಬ್ಬನೇ ಅಲ್ವೇನ್ರೀ ಅಂದ್ರೆ, "ಮತ್ತೆ ಬೆಳಿಗ್ಗೆ ನನ್ನತ್ರ ಕೆರೆಬಿಳಚಿ ದಾರಿ ಕೇಳಿದೋನು ಯಾರು?" ಅಂತಾನೆ. ನಮ್ಮೂರ ಹೆಸರು ನಾನು ಅವನಿಗೆ ಹೇಳೇ ಇಲ್ಲ.

ಅವನನ್ನ ಅಲ್ಲೇ ಬಿಟ್ಟು ಬಾ ಅಂತ ಇನ್ನು ಬರೀಬೇಡ್ರಿ. ಹಡಗಿನ ಟಿಕೀಟು ಸಿಕ್ಕೈತೆ. ಎರಡು ಹಾಸಿಗೆ ಹಾಸಾಕೆ ಅಮ್ಮೀಗೆ ಹೇಳ್ರಿ. ಗೋಡೆ ಪಕ್ಕದ್ದು ಅಣ್ಣಂಗೆ.

ಈ ಕಾಗದ ಮಡಚಿ ಹೊರಗೆ ಹೋಗ್ತೀನಿ. ಅಣ್ಣ ಹೊಸಲು ದಾಟೋವರೆಗೂ ನಿಂತು, ಆಮೇಲೆ ಬಾಗಿಲು ಹಾಕ್ತೀನಿ.

ನಿಮ್ಮ ಮಗ,
ಪೀರ್‌ಸಾಬ್