ಫಕ್ಕೀರಪ್ಪನವರು ಇನ್ನೂ ನೋಡುತ್ತಿದ್ದಾರೆ

ಗದಗ,
ಫೆಬ್ರವರಿ ೩೦, ೨೨೧೩

ಮಾತೃಶ್ರೀ ನೀಲವ್ವನವರ ಪಾದಗಳಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಮಗಳು ಮಹಾನಂದಾ ಮಾಡುವ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ ಇರಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ; ಉಳಿಯುವ ಐದು ದಿನಕ್ಕೆ ಹೆಸರೂ ಇಲ್ಲ, ಕೆಲಸವೂ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಸಿನಿಮಾಗಳಿಂದ ಕಲಿತವಳು, ಅದೂ ಒಬ್ಬನೇ ಮುದುಕನಿಗೆ ಇಷ್ಟವಾದ ಸಿನಿಮಾಗಳಿಂದ. ಪತ್ರವನ್ನು "ಇತ್ತ ನಾವೆಲ್ಲ ಕ್ಷೇಮ" ಎಂದು ಶುರು ಮಾಡುವುದು ನಿಮ್ಮ ಪದ್ಧತಿಯಂತೆ. ನಾವು ಕ್ಷೇಮವಿಲ್ಲ. ಕ್ಷೇಮವಾಗಿದ್ದರೆ ನಿಮ್ಮನ್ನು ಅಂಗಡಿಯ ನಡುವೆ ನಿಲ್ಲಿಸಿ ಇಷ್ಟುದ್ದದ ಪತ್ರ ಓದಿಸುವ ಹುಚ್ಚು ನನಗೇನಿತ್ತು?

ನೀವೀಗ ಟಿವಿ ಅಂಗಡಿಯಲ್ಲಿದ್ದೀರಿ. ಮನೆಯ ಟಿವಿಯಲ್ಲಿ ಇಂಟರ್‌ನೆಟ್ಟಿನ ಸಿನಿಮಾ ನೋಡಲು ಯಾವುದನ್ನು ಕೊಳ್ಳಬೇಕೆಂದು ತಿಳಿಯದೆ ಅರ್ಧ ಗಂಟೆಯಿಂದ ನಿಂತಿದ್ದೀರಿ. ಕೌಂಟರಿನ ಮೇಲೆ ಎರಡು ಸಾಮಾನು ಇವೆ. ಒಂದು, ಟಿವಿಯ ಹಿಂದೆ ಚುಚ್ಚುವ ಬೆರಳುದ್ದದ ಸ್ಟಿಕ್ಕು. ಇನ್ನೊಂದು, ಅಂಗೈಯಗಲದ ಕಪ್ಪು ಬಾಕ್ಸು. ಎರಡೂ ಬೇಡ, ಹಳೆಯ ಟಿವಿ ಕೊಟ್ಟು ಎಲ್ಲವೂ ಒಳಗೇ ಇರುವ ಹೊಸ ಟಿವಿ ಒಯ್ಯಿರಿ ಎಂದು ಅಂಗಡಿಯವರು ಬೇರೆ ಹೇಳುತ್ತಿದ್ದಾರೆ. ತೋರಿಸಲೆಂದು ಆ ಕಪ್ಪು ಬಾಕ್ಸನ್ನು ಅಂಗಡಿಯ ಟಿವಿಗೆ ಸಿಕ್ಕಿಸಿ, ಯಾರ ಹೆಸರು ಹಾಕಲಿ ಎಂದು ಕೇಳಿದರು. ನೀವು ನಿಮ್ಮ ಮಾವನವರ ಹೆಸರು ಹೇಳಿದಿರಿ. ಫಕ್ಕೀರಪ್ಪ. ಅವರು ಆ ಹೆಸರು ಹೊಡೆದ ಕ್ಷಣವೇ ಈ ಪತ್ರ ಪರದೆಯ ಮೇಲೆ ಬಂತು. ಅಂಗಡಿಯವರು ಜಾಹೀರಾತು ಎಂದುಕೊಂಡು ಅಳಿಸಲು ಹೋಗುತ್ತಾರೆ, ಬಿಡಬೇಡಿ. ನಾವು ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಒಂದು ಹೆಸರು ಎಲ್ಲಿಯೂ ಕಡಿಯದೆ ಉಳಿದು ಬಂದಿದ್ದರೆ, ಅದರ ಈ ತುದಿಯಲ್ಲಿ ಬರೆದದ್ದು ಆ ತುದಿಯಲ್ಲಿ ಕಾಣುತ್ತದೆ. ಬಾವಿಯ ಹಗ್ಗವನ್ನು ಮೇಲೆ ಅಲುಗಿಸಿದರೆ ಕೆಳಗೆ ಕೊಡ ಅಲುಗುವುದಿಲ್ಲವೇ, ಹಾಗೆ. ನಮ್ಮ ಮನೆಯಲ್ಲಿ ಕಡಿಯದೆ ಉಳಿದ ಹೆಸರು ಇದೊಂದೇ.

ಆ ಪುಟ್ಟ ಬಾಕ್ಸು ನಿಮ್ಮ ಮಕ್ಕಳ ಕಾಲಕ್ಕೆ ಟಿವಿಯೊಳಗೆ ಹೊಕ್ಕಿತು, ಅವರ ಮಕ್ಕಳ ಕಾಲಕ್ಕೆ ಟಿವಿ ಗೋಡೆಯೊಳಗೆ ಹೊಕ್ಕಿತು. ಈಗ ಅದು ನೋಟಗೋಡೆ. ಹೆಸರಿಗೆ ಗೋಡೆ, ಆದರೆ ಮನೆಯ ಯಜಮಾನಿಕೆಯೆಲ್ಲ ಅದರದೇ. ನಾವು ಅದನ್ನು ನೋಡುತ್ತೇವೆ, ಅದು ನಮ್ಮನ್ನು ನೋಡಿಕೊಳ್ಳುತ್ತದೆ. ನೀರು ಬಿಡುವುದು, ದೀಪ ಹಚ್ಚುವುದು, ಬಾಗಿಲು ತೆಗೆಯುವುದು, ಮಗುವಿಗೆ ಅಕ್ಷರ ಕಲಿಸುವುದು, ಜ್ವರ ಬಂದರೆ ಔಷಧಿ ತರಿಸುವುದು ಎಲ್ಲವೂ ಅದರ ಕೆಲಸ. ಹನ್ನೊಂದು ವರ್ಷದ ಹಿಂದೆ ಸರ್ಕಾರದ ದಾಖಲೆಗಳೆಲ್ಲ ಒಂದೇ ವಾರದಲ್ಲಿ ಅಳಿಸಿಹೋದವು. ಹುಟ್ಟಿದ್ದಕ್ಕೆ ಪುರಾವೆಯಿಲ್ಲ, ಸತ್ತದ್ದಕ್ಕೆ ಪುರಾವೆಯಿಲ್ಲ. ಯಾವ ಮನೆಯಲ್ಲಿ ಯಾರು ಕೂತು ಏನು ನೋಡಿದರು ಎಂಬುದು ಮಾತ್ರ ಗೋಡೆಗಳ ನೆನಪಿನಲ್ಲಿ ಉಳಿದಿತ್ತು. ಅದನ್ನೇ ಊರಿನ ಪಟ್ಟಿ ಮಾಡಿಕೊಂಡರು. ಗೋಡೆ ಯಾರ ಹೆಸರು ಹೇಳಿತೋ ಅವರು ಇದ್ದಾರೆ, ಹೇಳದವರು ಇಲ್ಲ. ಅಷ್ಟು ಸಲೀಸು.

ನಮ್ಮ ಗೋಡೆಯ ಪ್ರಕಾರ ಈ ಮನೆಯಲ್ಲಿ ಇರುವವರು ಒಬ್ಬರೇ. ಹೆಸರು ಫಕ್ಕೀರಪ್ಪ, ವಯಸ್ಸು ಇನ್ನೂರ ಐವತ್ತೊಂಬತ್ತು.

ಸಿಟ್ಟು ನನ್ನ ಹುಟ್ಟುಗುಣ. ಹಿರಿಯರ ಮುಂದೆ ದನಿ ಏರಿಸಬಾರದು, ಆದರೂ ಕೇಳುತ್ತೇನೆ. ನಿಮಗಿನ್ನೂ ನಡೆಯದ್ದು ನನಗೆ ನಡೆದುಹೋದದ್ದು: ಆ ಬಾಕ್ಸು ಮನೆಗೆ ಬಂದ ದಿನ "ಯಾರು ನೋಡುತ್ತಿದ್ದೀರಿ?" ಎಂದು ಕೇಳಿ ಐದು ಹೆಸರಿಗೆ ಜಾಗ ಕೊಟ್ಟಿತ್ತು. ನೀವೆಲ್ಲ ಯಾಕೆ ಒಂದೇ ಹೆಸರಿನಲ್ಲಿ ಕೂತಿರಿ? ಗ್ಯಾಸ್ ಮಾವನವರ ಹೆಸರಲ್ಲಿದೆ, ಕರೆಂಟಿನ ಮೀಟರು ಮಾವನವರ ಹೆಸರಲ್ಲಿದೆ, ಇದೂ ಇರಲಿ ಅಂದಿರಿ. ಹಿರಿಯರು ಇರುವಾಗ ನಮ್ಮ ಹೆಸರೇಕೆ ಎಂಬ ಮರ್ಯಾದೆ. ನೀವು ನೋಡಿದ ಅಡುಗೆ, ನಿಮ್ಮ ಗಂಡ ನೋಡಿದ ಕ್ರಿಕೆಟ್ಟು, ಮಕ್ಕಳ ಬೊಂಬೆಯಾಟ ಎಲ್ಲವನ್ನೂ ಬಾಕ್ಸು ಆ ಒಬ್ಬರ ತಲೆಗೇ ಕಟ್ಟಿತು.

ಅದಾದರೂ ಅವರೊಂದಿಗೆ ಮುಗಿಯಬಹುದಿತ್ತು. ಹೇಳಬಾರದ ಮಾತು, ಹೇಳುತ್ತಿದ್ದೇನೆ: ಮಾವನವರು ಒಂದು ಸಂಜೆ ಸಿನಿಮಾ ನೋಡುತ್ತಲೇ ಹೋಗುತ್ತಾರೆ. ಯಾವಾಗ ಎಂದು ಕೇಳಬೇಡಿ. ಸಿನಿಮಾ ಮುಗಿಯಲು ಇನ್ನೂ ಹತ್ತೊಂಬತ್ತು ನಿಮಿಷ ಉಳಿದಿರುತ್ತದೆ. ಅವರ ಹೆಸರನ್ನು ಅಳಿಸಲು ನಿಮಗೆ ಕೈ ಬರುವುದಿಲ್ಲ. ಮಹಾಲಯ ಅಮಾವಾಸ್ಯೆ ಬಂದಾಗ ಹೋಳಿಗೆ, ಬದನೆಕಾಯಿ ಪಲ್ಯ, ಒಂದು ಲೋಟ ಚಹಾ ಎಡೆ ಇಡುತ್ತೀರಿ. ಇಷ್ಟಪಟ್ಟದ್ದನ್ನೆಲ್ಲ ಇಡಬೇಕಲ್ಲವೇ, ಅದಕ್ಕೆ ಅವರ ಹೆಸರನ್ನೇ ಒತ್ತಿ ಅದೇ ಸಿನಿಮಾ ಹಚ್ಚುತ್ತೀರಿ. ಅವರು ಬಿಟ್ಟ ಜಾಗ ಬಂದಾಗ ಎಲ್ಲರೂ ಕಣ್ಣೀರು ಹಾಕಿ ನಿಲ್ಲಿಸುತ್ತೀರಿ. ಮುಂದಿನ ವರ್ಷ ಮತ್ತೆ. ನೀವು ಹೋದ ಮೇಲೆ ನಿಮ್ಮ ಮಕ್ಕಳು, ಅವರಾದ ಮೇಲೆ ಅವರ ಮಕ್ಕಳು. ನೂರ ಎಂಬತ್ತು ವರ್ಷಗಳ ಹತ್ತಿರ ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ಗದಗ ಜಿಲ್ಲೆಯಲ್ಲಿ ನಮ್ಮಷ್ಟು ಭಕ್ತಿಯ ಮನೆ ಇನ್ನೊಂದಿಲ್ಲ ಎಂದು ನಾವೂ ಬೀಗಿದವರೇ. ಎಡೆಯನ್ನು ಕಾಗೆ ತಿಂದು ಹಾರಿಹೋಗುತ್ತದೆ. ಬಾಕ್ಸು ಹಾರಿಹೋಗಲಿಲ್ಲ. ಶ್ರಾದ್ಧ ಎಂದರೇನೆಂದು ಅದಕ್ಕೆ ಏನು ಗೊತ್ತು? ಮುದುಕ ಪ್ರತಿ ವರ್ಷ ಮನೆಗೆ ಬರುತ್ತಾನೆ ಎಂದು ಬರೆದುಕೊಂಡಿತು.

ಮನೆಯ ಹಿರಿಯಜ್ಜನಾದ ಅವರನ್ನು ನಾವು ಮುತ್ಯಾ ಎನ್ನುತ್ತೇವೆ; ಮೊದಮೊದಲು ನಮಗೆ ಇದು ನಗೆಯ ವಿಷಯವಾಗಿತ್ತು. ಗೋಡೆ ನನ್ನ ಗಂಡನಿಗೆ "ಫಕ್ಕೀರಪ್ಪನವರೇ, ಮಂಡಿನೋವು ಹೇಗಿದೆ?" ಎಂದು ಕೇಳುತ್ತಿತ್ತು. ಅವರು ಕರೆಂಟು ಮಾಡುವ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡುವ ಆಳು. ಬಹಳ ಇದೆ ಮಾರಾಯ ಎಂದು ಉತ್ತರ ಕೊಡುತ್ತಿದ್ದರು. ಮುದುಕರ ಕೇಳದ ಎಡಗಿವಿಯ ಸಲುವಾಗಿ ನಮ್ಮ ಮನೆಯಲ್ಲಿ ಸದ್ದು ಸದಾ ದೊಡ್ಡದು. ಒಂಬತ್ತಕ್ಕೆ ದೀಪ ಆರುತ್ತದೆ. ನಾಲ್ಕೂವರೆಗೆ ನೀರು ತಾನೇ ಕಾಯುತ್ತದೆ, ಚಹಾಕ್ಕೆ. ಬಾಗಿಲ ಕಡೆಗಿನ ಕುರ್ಚಿಯನ್ನು ಗೋಡೆ ಅವರಿಗೆಂದು ಬೆಚ್ಚಗಿಟ್ಟಿರುತ್ತದೆ. ಅದರಲ್ಲಿ ನಮ್ಮಲ್ಲಿ ಯಾರೂ ಕೂರುವುದಿಲ್ಲ. ನಾವು ಫಕ್ಕೀರಪ್ಪ ಅಲ್ಲವೆಂದು ನಮಗೆ ಗೊತ್ತಿತ್ತು, ಹಾಗಾಗಿ ಹೆದರಿಕೆಯಿರಲಿಲ್ಲ.

ಆಮೇಲೆ ಹಂಪವ್ವ ಹುಟ್ಟಿದಳು.

ಹಂಪವ್ವ ನನ್ನ ಮಗಳು, ಒಬ್ಬಳೇ ಮಗಳು. ಪಟ್ಟಿಯ ಕಾಯಿದೆ ಬಂದ ಮೇಲೆ ಈ ಮನೆಯಲ್ಲಿ ಹುಟ್ಟಿದ ಮೊದಲ ಕೂಸು. ಆರು ತುಂಬಿದ ದಿನ ಗೋಡೆ ಮಗುವನ್ನು ಯಾವ ಹೆಸರಿನಿಂದ ಕರೆಯುತ್ತದೋ ಅದೇ ಅದರ ಜನ್ಮದ ಹೆಸರು, ಅದೇ ಪಾಠ, ಅದೇ ಔಷಧಿ, ಅದೇ ವಯಸ್ಸು. ಮತ್ತೆ ಬದಲಿಸುವಂತಿಲ್ಲ. ಅವಳಿಗೆ ಆರು ತುಂಬಲು ಇನ್ನು ಒಂಬತ್ತು ದಿನ ಇದೆ. ಹೊಸ ಹೆಸರು ಸೇರಿಸಬೇಕಾದರೆ ಮನೆಯ ಹಿರಿಯ ತನ್ನ ದನಿಯಲ್ಲಿ ಒಪ್ಪಿಗೆ ಹೇಳಬೇಕಂತೆ. ಪಟ್ಟಿಯ ಕಚೇರಿಗೆ ನಾನು ಹದಿನಾಲ್ಕು ಸಲ ಹೋದೆ. ನಿಮ್ಮ ಹಿರಿಯರು ಕಳೆದ ಅಮಾವಾಸ್ಯೆಗೂ ಸಿನಿಮಾ ನೋಡಿದ್ದಾರಲ್ಲ, ಅವರನ್ನೇ ಕರೆತನ್ನಿ ಎಂದು ಕಳಿಸಿದರು.

ಮಗು ಗೋಡೆಯ ಮುಂದೆ ಬೆಳೆಯಿತು. ಗೋಡೆ ಅವಳಿಗೆ ಆನೆ ಒಂಟೆ ತೋರಿಸಲಿಲ್ಲ, ಅ ಆ ಇ ಈ ಹೇಳಿಕೊಡಲಿಲ್ಲ. ಇನ್ನೂರೈವತ್ತು ವರ್ಷ ಹಳೆಯ ಕಪ್ಪುಬಿಳುಪು ಸಿನಿಮಾ ತೋರಿಸಿತು. ಮೂರು ವರ್ಷಕ್ಕೆ ಅವಳು ಬಾಗಿಲ ಕಡೆಗಿನ ಕುರ್ಚಿಯಲ್ಲಿ ಕೂರಲು ಶುರು ಮಾಡಿದಳು. ನಾಲ್ಕು ತುಂಬಿದ ಮೇಲೆ ಕುರ್ಚಿಯಿಂದ ಏಳುವಾಗ ಮಂಡಿಯ ಮೇಲೆ ಕೈಯೂರಿದಳು. ಕಳೆದ ದೀಪಾವಳಿಯ ಮಾರನೆಯ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗಿನ ಕೋಣೆಯಿಂದ ಅವಳ ದನಿ ಬಂತು, ನೀರು ಕುಡಿದಂತೆ ಸಲೀಸಾಗಿ:

"ನೀಲವ್ವಾ, ಸೌಂಡ್ ಚೂರು ಜಾಸ್ತಿ ಮಾಡವಾ."

ಈ ಮನೆಯಲ್ಲಿ ನೀಲವ್ವ ಎಂಬ ಹೆಸರನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಿಮ್ಮ ಹೆಸರು ನನಗೆ ಸಿಕ್ಕಿದ್ದು ಹೀಗೆ. ಗೋಡೆಯ ಹಳೆಯ ನೆನಪುಗಳನ್ನು ಕೆದಕಿದಾಗ ತಿಳಿಯಿತು: ನೀವು ಕೊಂಡ ಬಾಕ್ಸಿನ ರಿಮೋಟಿನಲ್ಲಿ ಮಾತಾಡುವ ಬಟನ್ ಒಂದಿತ್ತು. ಮಾವನವರು ಅದನ್ನು ಒತ್ತಿ ಹಿಡಿದುಕೊಂಡೇ ಅಡುಗೆಮನೆಯಲ್ಲಿರುವ ನಿಮ್ಮ ಜೊತೆ ದಿನವಿಡೀ ಮಾತಾಡುತ್ತಿದ್ದರು. ಅವರ ಕೆಮ್ಮು, ಆಕಳಿಕೆ, ನಿಮ್ಮನ್ನು ಕರೆಯುವ ರೀತಿ ಎಲ್ಲವೂ ಗೋಡೆಯೊಳಗೆ ಇದೆ. ನನ್ನ ಮಗಳಿಗೆ ಅದು ಪಾಠ ಹೇಳಿದ್ದು ಅದರಿಂದಲೇ.

ನನಗೆ ಹುಚ್ಚು ಹಿಡಿದಂತಾಯಿತು. ಯಾರೂ ಗೋಡೆಯ ಮುಂದೆ ಸುಳಿಯಬಾರದು, ಯಾರೂ ಅದಕ್ಕೆ ಉತ್ತರ ಕೊಡಬಾರದು, ಮುದುಕ ಸತ್ತನೆಂದು ಅದೇ ತಿಳಿದುಕೊಳ್ಳಲಿ ಎಂದೆ. ನನ್ನ ಗಂಡ ಬೇಡವೆಂದರೂ ಕೇಳಲಿಲ್ಲ. ಗೋಡೆ ಎರಡು ದಿನ ಕರೆಯಿತು. ಮೂರನೆಯ ದಿನ ಸುಮ್ಮನಾಯಿತು. ನಾನು ಗೆದ್ದೆನೆಂದುಕೊಂಡೆ. ಫಕ್ಕೀರಪ್ಪ ಇಲ್ಲವೆಂದರೆ ಈ ಮನೆಯಲ್ಲಿ ಯಾರೂ ಇಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಖಾಲಿ ಮನೆಗೆ ನೀರು ಯಾಕೆ? ನೀರು ನಿಂತಿತು. ದೀಪ ಆರಿತು. ಕಿಟಕಿಗಳು ಮುಚ್ಚಿಕೊಂಡವು, ಖಾಲಿ ಮನೆಗೆ ಹಾಕುವಂತೆ ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ನಾವು ಮೂವರೂ ಒಳಗೇ ಇದ್ದೆವು. ಬಾಗಿಲು ಬಡಿದೆವು, ಕೂಗಿದೆವು. ಪಕ್ಕದ ಮನೆಯ ಕಾಶೀಬಾಯಿಗೆ ಕೇಳಿಸಿತಂತೆ. ಆದರೆ ಅವಳ ಗೋಡೆ, ಆ ಮನೆಯಲ್ಲಿ ಯಾರೂ ಇಲ್ಲ ಎಂದು ಅವಳಿಗೆ ಸಮಾಧಾನ ಹೇಳಿತಂತೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಗುವಿನ ತುಟಿ ಒಡೆದಿತ್ತು. ಅವಳು ನನ್ನ ತೊಡೆಯಿಂದ ಇಳಿದು, ಕತ್ತಲೆಯಲ್ಲಿ ತಡವುತ್ತ ಹೋಗಿ ಆ ಕುರ್ಚಿಯಲ್ಲಿ ಕೂತು ಗೋಡೆಗೆ ಹೇಳಿದಳು:

"ನಾ ಇಲ್ಲೇ ಅದೀನಿ."

"ಬನ್ನಿ ಫಕ್ಕೀರಪ್ಪನವರೇ" ಎಂದಿತು ಗೋಡೆ. ನಲ್ಲಿಯಲ್ಲಿ ನೀರು ಬಂತು. ನಾನು ಮಗುವಿಗಿಂತ ಮೊದಲು ಬೊಗಸೆಯೊಡ್ಡಿ ಕುಡಿದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಅಂದಿನಿಂದ ಅವಳು ಪೂರ್ತಿ ಅವರೇ ಆಗಿದ್ದಾಳೆ. ಒಂದು ಕೊನೆಯ ಯತ್ನ ಮಾಡಿದೆ. ದನಿ ಹೇಗೂ ಅವರದೇ ಆಗಿದೆಯಲ್ಲ, ಒಪ್ಪಿಗೆಯನ್ನು ಇವಳೇ ಹೇಳಲಿ ಎಂದು ಗೋಡೆಯ ಮುಂದೆ ಕೂರಿಸಿ, "ಈಕೆ ನನ್ನ ಕುಡಿ, ಹೆಸರು ಹಂಪವ್ವ" ಎಂದು ಹೇಳಿಸಲು ನೋಡಿದೆ. ಅವಳು ನನ್ನ ಕಡೆ ತಿರುಗಿದಳು. ಪಾಪ, ನನಗೆ ಸಹಾಯ ಮಾಡಬೇಕೆಂಬ ಆಸೆ ಅವಳ ಕಣ್ಣಲ್ಲಿತ್ತು.

"ಹಂಪವ್ವ ಅಂದ್ರ ಯಾರವಾ?" ಎಂದಳು.

ಈಗ ನಿಮ್ಮ ಕೌಂಟರಿಗೆ ಬರುತ್ತೇನೆ. ಸ್ಟಿಕ್ಕು ಬೇಗ ಬಿಸಿಯಾಗುತ್ತದೋ, ಬಾಕ್ಸು ನಿಲ್ಲದೆ ಓಡುತ್ತದೋ, ಹೊಸ ಟಿವಿ ನಾಲ್ಕು ವರ್ಷಕ್ಕೆ ಹಳತಾಗುತ್ತದೋ, ಅದರ ಗೊಡವೆ ನನಗಿಲ್ಲ. ನೀವು ಆ ಬಾಕ್ಸನ್ನೇ ಆರಿಸುತ್ತೀರೆಂದು ಗೊತ್ತು. ಮಾವನವರ ಬೆರಳುಗಳು ನಡುಗುತ್ತವೆ, ಸಣ್ಣ ಬಟನ್‌ಗಳನ್ನು ಹುಡುಕಿ ಒತ್ತಲಾಗುವುದಿಲ್ಲ, ಒಂದನ್ನೇ ಹಿಡಿದು ಬಾಯಲ್ಲಿ ಹೇಳಿದರೆ ಸಾಕಲ್ಲ ಎಂಬ ಕರುಣೆ ನಿಮ್ಮದು. ಅದನ್ನು ಬಿಡಿ, ಅವ್ವಾ. ಮಾತು ಕೇಳದ ರಿಮೋಟು ಇರುವ ಆ ಸ್ಟಿಕ್ಕು ಒಯ್ಯಿರಿ. ಅವರು ಕರೆದಾಗಲೆಲ್ಲ ಒಲೆ ಬಿಟ್ಟು ಎದ್ದು ಬಂದು ನೀವೇ ಒತ್ತಿಕೊಡಬೇಕಾಗುತ್ತದೆ. ಕಷ್ಟ ಕೊಡುತ್ತಿದ್ದೇನೆಂದು ಬಲ್ಲೆ. ಮನೆಯಲ್ಲಿ ಎಷ್ಟು ಜನರಿದ್ದೀರೋ ಅಷ್ಟು ಹೆಸರು ಹಾಕಿ, ನಿಮ್ಮದನ್ನೂ. ಹಂಪವ್ವನ ಹೆಸರನ್ನೂ ಈಗಲೇ ಒಂದು ಜಾಗದಲ್ಲಿ ಬರೆದಿಡಿ ಎಂದು ಕೇಳಬೇಕೆಂದಿದ್ದೆ. ಬೇಡ. ಆಮೇಲೆ ಇನ್ನೂರು ವರ್ಷ ಆ ಹೆಸರಿನೊಳಗೆ ಯಾರು ಯಾರು ಬಂದು ಕೂರುತ್ತಾರೋ ಏನೋ. ನನ್ನ ಮಗಳು ಬರುವಾಗ ಅದು ಖಾಲಿ ಇರಬೇಕು.

ಮಾವನವರು ಹೋದ ಸಂಜೆ, ಅತ್ತು ಮುಗಿದ ಮೇಲೆ, ಉಳಿದ ಹತ್ತೊಂಬತ್ತು ನಿಮಿಷ ಸಿನಿಮಾವನ್ನು ಓಡಲು ಬಿಡಿ. ಮುಗಿಯಲಿ. ಮುಗಿದ ಮೇಲೆ ಅವರ ಹೆಸರು ಅಳಿಸಿ. ನಿಜವಾಗಿಯೂ ಅಳಿಸಬೇಕೆ ಎಂದು ಅದು ಎರಡು ಸಲ ಕೇಳುತ್ತದೆ, ಎರಡು ಸಲವೂ ಹೌದೆನ್ನಿ. ಅದು ಪಾಪವಲ್ಲ. ಪಾಪವಾದರೆ ನನ್ನ ತಲೆಯ ಮೇಲೆ ಇರಲಿ.

ಇಷ್ಟು ಬರೆಯುವಷ್ಟರಲ್ಲಿ ಊಟದ ಹೊತ್ತಾಯಿತು. ಅವಳು ಕುರ್ಚಿಯಲ್ಲಿದ್ದಳು, ಬೆನ್ನು ನನ್ನ ಕಡೆಗಿತ್ತು. ಹಂಪವ್ವಾ ಎಂದು ಮೂರು ಸಲ ಕರೆದೆ. ಎರಡು ಜಡೆಗಳೂ ಅಲುಗಲಿಲ್ಲ. ರೊಟ್ಟಿ ಆರುತ್ತಿತ್ತು, ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಹೆತ್ತ ಹೊಟ್ಟೆ, ಏನು ಮಾಡಲಿ? ಇಷ್ಟು ದಿನ ಹಾಗೆ ಕರೆಯದೆ ತಡೆದುಕೊಂಡಿದ್ದೆ, ಇವತ್ತು ಕರೆದುಬಿಟ್ಟೆ.

"ಮುತ್ಯಾ, ಉಣ್ಣಾಕ ಬಾ."

ತಟ್ಟನೆ ತಿರುಗಿ ನಕ್ಕಳು. ಮುಂದಿನ ಎರಡು ಹಾಲುಹಲ್ಲು ಬಿದ್ದಿವೆ ಅವಳಿಗೆ.