ಅಕ್ಕನ ಮಂಡಿನೋವು

ಅಕ್ಕಾ,

ಮ್ಯಾನೇಜರುಗಳನ್ನು ನಾಯಕರನ್ನಾಗಿ ಮಾಡೋ ತರಬೇತಿಗೆ ಬಂದು ಮೂರು ದಿನ ಆಯ್ತು. ಇವತ್ತು ಇಪ್ಪತ್ತು ಜನರ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಹಗ್ಗ ಕೊಟ್ಟು, ಚೌಕ ಮಾಡಿ ಅಂದರು. ಎಲ್ಲರೂ ಅಪ್ಪಣೆ ಕೊಡೋರೇ, ಕೇಳೋರು ಯಾರೂ ಇಲ್ಲ. ಆಮೇಲೆ ಕೋಚ್, "ನೀವು ಕಂಡ ಒಳ್ಳೇ ನಾಯಕ ಯಾರು?" ಅಂದಾಗ ಬಾಯ್ತಪ್ಪಿ ನಿನ್ನ ಹೊಲಿಗೆ ಅಂಗಡಿ ವಿಷಯ ಹೇಳಿಬಿಟ್ಟೆ. ಕೆಲಸದವರು ಅಳತೆ ತಪ್ಪಿದರೆ ನೀನು ಬೈಯದೆ ಪಕ್ಕದಲ್ಲೇ ಕೂತು ಹೊಲಿಗೆ ಬಿಚ್ಚುತ್ತೀಯಲ್ಲ, ಅದನ್ನ. ಎಲ್ಲರೂ ಚಪ್ಪಾಳೆ ಹೊಡೆದರು. ನನಗಲ್ಲ, ನಿನಗೆ! ಹೊಟ್ಟೆ ಉರಿದುಹೋಯ್ತು. ಮನೇಲಿ ಅಮ್ಮನ ಬಾಯಲ್ಲೂ ನೀನೇ, ಇಲ್ಲೂ ನೀನೇ. ಕೊನೇ ದಿನ ಭಾಷಣಕ್ಕೆ ನಿನ್ನನ್ನೇ ಕರೆಸ್ತಾರಂತೆ.

ನಿನ್ನ ಮಂಡಿನೋವು ಹೇಗಿದೆ? ಅವರ ಫೋನ್ ಬಂದರೆ ತುಂಬಾ ಜೋರಾಗಿದೆ ಅನ್ನು. ಅಲ್ಲಿವರೆಗೂ ಎಣ್ಣೆ ಹಚ್ಚಬೇಡ.

ನಿನ್ನ ತಮ್ಮ