ಹೆಂಗಸರ ಕಡೆಗೆ ಚಿಕ್ಕ ಕ್ಯಾಮೆರಾ

ಆರ್.ಟಿ. ನಗರ

ವಿರೂಪಾಕ್ಷ ಸರ್ ಅವರಿಗೆ ರುಮಾನಾಳ ಸಲಾಂ.

ಸ್ಟುಡಿಯೋದ ದೊಡ್ಡ ಕ್ಯಾಮೆರಾವನ್ನು ಗಂಡಸರ ಕಡೆಗಿಟ್ಟು, ಶಾದಿಮಹಲಿನ ಹೆಂಗಸರ ಕಡೆಗೆ ಹೊರಟಿದ್ದ ನನ್ನ ಕೈಗೆ ನೀವು ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ ಕೊಟ್ಟ ದಿನ ನಾನು ಮುಖ ಊದಿಸಿಕೊಂಡಿದ್ದೆ. "ಸಿಟ್ಟಾಗಬ್ಯಾಡ ತಂಗಿ, ಒಮ್ಮೆ ತಗದು ನೋಡು" ಅಂದಿರಿ.

ಮಂದ ಬೆಳಕಿನಲ್ಲಿ ದೊಡ್ಡ ಕ್ಯಾಮೆರಾದಷ್ಟು ನುಣುಪಾದ ಚಿತ್ರ ಇದರಲ್ಲಿ ಬರುವುದಿಲ್ಲ, ನಿಜ. ಆದರೆ ದೊಡ್ಡದನ್ನು ಎತ್ತಿದ ಕೂಡಲೇ ಮುಖಕ್ಕೆ ಅಡ್ಡ ಬರುತ್ತಿದ್ದ ದುಪಟ್ಟಾಗಳು ಇದನ್ನು ಎತ್ತಿದಾಗ ಬರಲಿಲ್ಲ. ಊಟದ ಹೊತ್ತಿಗೆ ಮದುಮಗಳ ಅಜ್ಜಿ, "ಫೋಟೋ ಯಾವಾಗ ಶುರು ಮಾಡ್ತೀಯಮ್ಮ?" ಅಂತ ಕೇಳಿದರು. ಅಷ್ಟರಲ್ಲಿ ಅವರ ನಗುವನ್ನು ತೆಗೆದಾಗಿತ್ತು. ತೋರಿಸಿದೆ, ಪಕ್ಕದವರನ್ನೆಲ್ಲ ಕರೆದು ಅವರೇ ತೋರಿಸಿದರು.

ಮೊನ್ನೆ ನಿಮ್ಮನ್ನು ಕೇಳಿ ಅದನ್ನು ಮನೆಗೆ ತಂದಿದ್ದೆನಲ್ಲ. ನಮ್ಮ ಆಲ್ಬಮ್ಮಿನಲ್ಲಿ ಅಮ್ಮಿ ಇರುವಲ್ಲೆಲ್ಲ ಬರೀ ಸೆರಗು, ಅದನ್ನು ಹಿಡಿದ ಒಂದು ಕೈ. ನನ್ನನ್ನು ಬೈಯುತ್ತಾ ಈರುಳ್ಳಿ ಹೆಚ್ಚುತ್ತಿದ್ದವರನ್ನು ತೆಗೆದು ತೋರಿಸಿದೆ. ತುಂಬಾ ಹೊತ್ತು ನೋಡಿ, "ಅಳಿಸ್ಬೇಡ" ಅಂದರು. ಆಮೇಲೆ, "ಆ ದಿನಾನೂ ಇದನ್ನೇ ತರ್ಸು" ಅಂದರು.

ಆ ದಿನ ಅಂದರೆ ಬರುವ ಭಾನುವಾರ, ಬ್ಯಾಟರಾಯನಪುರದಲ್ಲಿ, ನನ್ನ ನಿಕಾಹ್. ನೀವು ದೊಡ್ಡ ಕ್ಯಾಮೆರಾ ಹಿಡಿದು ಗಂಡಸರ ಕಡೆ ಬನ್ನಿ. ಹೊಸದಾಗಿ ಕೆಲಸಕ್ಕೆ ಸೇರಿದ ಸ್ನೇಹಾಳ ಕೈಗೆ ಚಿಕ್ಕದನ್ನು ಕೊಟ್ಟು ನಮ್ಮ ಕಡೆಗೆ ಕಳಿಸಿ. ಮದುಮಗಳ ಫೋಟೋ ಕಮ್ಮಿಯಾದರೂ ಪರವಾಗಿಲ್ಲ, ಅಮ್ಮಿಯನ್ನು ಬಿಡಬಾರದು ಅಂತ ಅವಳಿಗೆ ಹೇಳಿ.

ನಿಮ್ಮ ತಂಗಿ,
ರುಮಾನಾ